ಕಾಫಿ ಜೊತೆ ನುಂಗುತ್ತಿದ್ದ ಮಾತ್ರೆ

ಮದುವೆಯಾಗಿ ಎರಡು ವರ್ಷ ಕಳೆದಿತ್ತು. ಆಲ್ದೂರಿನ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಹಣ್ಣು ಕೊಯ್ಯಲು ಬರುವ ಹೆಂಗಸರೂ "ಏನಾದ್ರೂ ವಿಶೇಷ ಉಂಟೇನಮ್ಮ?" ಅಂತ ಕೇಳುತ್ತಿದ್ದರು. ಕೊನೆಗೆ ಇಬ್ಬರೂ ಚಿಕ್ಕಮಗಳೂರಿಗೆ ಹೋಗಿ ಡಾಕ್ಟರಮ್ಮನನ್ನು ನೋಡಿದೆವು.

ನನ್ನ ಥೈರಾಯ್ಡ್ ಸರಿಯಿತ್ತು. ಹಿಮೋಗ್ಲೋಬಿನ್ ಮಾತ್ರ 9.6. ಆರು ತಿಂಗಳಿಂದ ಕಬ್ಬಿಣದ ಮಾತ್ರೆ ತಗೊಳ್ತಾ ಇದ್ದೆ, ಆದರೂ ಏರಿರಲಿಲ್ಲ. "ಮಾತ್ರೆ ಯಾವುದರ ಜೊತೆ ನುಂಗ್ತೀಯಮ್ಮ?" ಅಂದರು. "ಊಟ ಆದ ಮೇಲೆ, ಕಾಫಿ ಜೊತೆ." ಅವರು ಪೆನ್ನು ಕೆಳಗಿಟ್ಟು ನಕ್ಕರು.

ಕಾಫಿ, ಟೀಯಲ್ಲಿರುವ ಕೆಲವು ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ, ಮೈಗೆ ಸೇರಲು ಬಿಡುವುದಿಲ್ಲ. ಅಲ್ಲಿಂದ ಮಾತ್ರೆ ನಿಂಬೆ ಪಾನಕದ ಜೊತೆ ಆಯಿತು, ಕಾಫಿ ಹನ್ನೊಂದು ಗಂಟೆಗೆ ಮತ್ತು ನಾಲ್ಕಕ್ಕೆ. "ಕಾಫಿ ತೋಟದ ಸೊಸೆ ಊಟದ ಮೇಲೆ ಕಾಫಿ ಬೇಡ ಅಂತಾಳಲ್ಲ!" ಅಂತ ಅತ್ತೆ ಗೊಣಗಿದರು. ದಿನಕ್ಕೆ ಒಟ್ಟು ಕೆಫೀನ್ 200 ಮಿಲಿಗ್ರಾಂ ದಾಟಬಾರದು ಅಂತಲೂ ಡಾಕ್ಟರ್ ಹೇಳಿದ್ದರು. ರೊಬಸ್ಟಾ ಜಾತಿಯ ಕಾಫಿಯಲ್ಲಿ ಕೆಫೀನ್ ಅರೇಬಿಕಾ ಜಾತಿಗಿಂತ ಸುಮಾರು ಎರಡು ಪಟ್ಟು. ನಮ್ಮ ಮನೆ ಪುಡಿಯಲ್ಲಿ ರೊಬಸ್ಟಾನೇ ಜಾಸ್ತಿ, ಹಾಗಾಗಿ ಲೋಟ ಚಿಕ್ಕದು ಮಾಡಿದೆ. ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.8 ಆಯಿತು.

ಇನ್ನೊಂದು ಮಾತ್ರೆ ಫೋಲಿಕ್ ಆಸಿಡ್. "ಇದು ಬಸುರಿ ಆದ ಮೇಲೆ ತಾನೆ?" ಅಂದೆ. ಅಲ್ಲವಂತೆ. ಮಗುವಿನ ಮೆದುಳು, ಬೆನ್ನುಹುರಿ ಆಗುವ ಕೊಳವೆ ಗರ್ಭ ನಿಂತು ಸುಮಾರು 28 ದಿನಕ್ಕೆಲ್ಲ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತಿದೆ ಅಂತ ನಮಗೆ ಗೊತ್ತಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಅದಕ್ಕೇ ಕನಿಷ್ಠ ಒಂದು ತಿಂಗಳು ಮುಂಚಿನಿಂದ ದಿನಾ 400 ಮೈಕ್ರೋಗ್ರಾಂ ತಗೋಬೇಕು. ಮೆಡಿಕಲ್‌ನಲ್ಲಿ ಕೇಳಿದಾಗ ನಮಗೆ ಮೊದಲು ಕೊಟ್ಟಿದ್ದು 5 ಮಿಲಿಗ್ರಾಂ ಮಾತ್ರೆ. ಅಂದರೆ ಹನ್ನೆರಡು ಪಟ್ಟಿಗಿಂತ ಜಾಸ್ತಿ. ಅದು ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದಂಥವರಿಗೆ ಡಾಕ್ಟರ್ ಹೇಳಿದರೆ ಮಾತ್ರ. ನಾನು ಚೀಟಿ ತೋರಿಸಿ ಬದಲಾಯಿಸಿಕೊಂಡೆ.

ನಮ್ಮದು ಸಸ್ಯಾಹಾರದ ಮನೆ, ರಕ್ತದಲ್ಲಿ ವಿಟಮಿನ್ ಬಿ12 ಬರೀ 148 ಇತ್ತು. ಅದು 200ಕ್ಕಿಂತ ಕಡಿಮೆ ಇದ್ದರೆ ಕೊರತೆ ಅಂತಲೇ ಲೆಕ್ಕ. ಸುಮ್ನೆ ಫೋಲಿಕ್ ಒಂದನ್ನೇ ನುಂಗುತ್ತಾ ಹೋದರೆ ರಕ್ತ ಸರಿಯಾದಂತೆ ಕಾಣುತ್ತದೆ, ನರಗಳ ಹಾನಿ ಒಳಗೊಳಗೇ ನಡೆಯುತ್ತದೆ. ನುಗ್ಗೆಸೊಪ್ಪು, ಹುರುಳಿಕಾಳು, ರಾಗಿ ಎಲ್ಲ ಚೆನ್ನಾಗಿಯೇ ತಿನ್ನುತ್ತಿದ್ದೆವು, ಆದರೆ ಬಿ12 ಸೊಪ್ಪಿನಲ್ಲಿಲ್ಲ. ಹಾಲು ಮೊಸರಿನಲ್ಲಿ ಸ್ವಲ್ಪ ಇದೆ, ನನಗೆ ಅದು ಸಾಕಾಗಿರಲಿಲ್ಲ. ಇಂಜೆಕ್ಷನ್ ತಗೊಂಡೆ.

ನಮ್ಮವರ ವಿಷಯ ಬೇರೆ. ವೀರ್ಯ ಪರೀಕ್ಷೆಗೆ ಹೋಗಲು ಐದು ತಿಂಗಳು ಸತಾಯಿಸಿದರು. ಅದರ ಬದಲು ಯಾವುದೋ ಅಂಗಡಿಯಿಂದ ಎರಡು ಸಾವಿರ ರೂಪಾಯಿಯ ಪುಡಿ ತಂದರು. ಡಬ್ಬಿಯ ಮೇಲೆ ಜಿಂಕ್, ಫೋಲಿಕ್ ಅಂತ ದೊಡ್ಡ ಅಕ್ಷರ. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ಇದೇ ಜೋಡಿಯನ್ನು ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಗಂಡಸರು ಆರು ತಿಂಗಳು ತಗೊಂಡರೂ ವೀರ್ಯ ಸುಧಾರಿಸಲಿಲ್ಲ, ಮಕ್ಕಳೂ ಜಾಸ್ತಿ ಹುಟ್ಟಲಿಲ್ಲ. ಹೊಟ್ಟೆ ತೊಂದರೆ ಮಾತ್ರ ಜಾಸ್ತಿಯಾಯಿತು. ನಮ್ಮವರಿಗೂ ವಾಂತಿ ಬಂದಂತಾಗುತ್ತಿತ್ತು! ಆ ಡಬ್ಬಿಯಲ್ಲಿ ಈಗ ಕಾಳುಮೆಣಸು ಇದೆ.

ಅವರು ಬಿಡಬೇಕಾಗಿದ್ದದ್ದು ಎಲೆಯಡಿಕೆ ಜೊತೆಯ ಹೊಗೆಸೊಪ್ಪು. ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು, ಹಾಗಾಗಿ ಇವತ್ತು ಬಿಟ್ಟರೆ ನಾಳೆ ಗುಣ ಕಾಣುವುದಿಲ್ಲ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಮೊದಲ ವಾರ ಯಾರ ಮೇಲೆ ನೋಡಿದರೂ ರೇಗುತ್ತಿದ್ದರು. ಈ ಕಷ್ಟದ ಬಗ್ಗೆ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ, ಅಲ್ವಾ?

ಹನ್ನೊಂದನೇ ತಿಂಗಳಿಗೆ ಗರ್ಭ ನಿಂತಿತು. ಮಾತ್ರೆಯಿಂದಲೇ ನಿಂತಿತು ಅಂತ ನಾನು ಹೇಳಲಾರೆ. ಮಗಳಿಗೆ ಈಗ ಎರಡು ವರ್ಷ. ಮುಂದಿನ ವಾರ ನನ್ನ ಬಿ12 ಮತ್ತೆ ನೋಡಿಸಬೇಕು. ಅತ್ತೆಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ, ಅವರಿಗೆ ಕೆಲವು ದಿನದಿಂದ ಪಾದ ಜುಂ ಅನ್ನುತ್ತಿದೆಯಂತೆ.