ಗಾಳಿಪಟದ ಗುಟ್ಟು ಸೂತ್ರದಲ್ಲಿದೆ

ಗುಜರಾತಿನವರಿಗೆ ಗಾಳಿಪಟವೆಂದರೆ ಸಂಕ್ರಾಂತಿ. ನಮ್ಮ ಮೈಸೂರು ಸೀಮೆಯಲ್ಲಿ ಅದರ ಕಾಲ ಆಷಾಢ. ನೈಋತ್ಯ ಮುಂಗಾರಿನ ಗಾಳಿ ಪಡುವಣದಿಂದ ಒಂದೇ ಸಮನೆ ಬೀಸುವ ಈ ದಿನಗಳಲ್ಲಿ ಲಲಿತ್ ಮಹಲ್ ಬಳಿಯ ಬಯಲಿನಲ್ಲಾಗಲಿ, ಮಂಡ್ಯದ ಕಡೆಯ ಖಾಲಿ ಗದ್ದೆಗಳಲ್ಲಾಗಲಿ ನಿಂತರೆ, ಮೇಲೇರುವ ಪಟಗಳಿಗಿಂತ ಗಿರಕಿ ಹೊಡೆದು ನೆಲಕ್ಕೆ ಬೀಳುವ ಪಟಗಳೇ ಹೆಚ್ಚಾಗಿ ಕಾಣಸಿಗುತ್ತವೆ. ಬಿದ್ದ ಪಟದ ಕಾಗದವನ್ನೋ ಕಡ್ಡಿಯನ್ನೋ ಎಲ್ಲರೂ ದೂರುತ್ತಾರೆ. ಆದರೆ ತಪ್ಪು ಬಹುಪಾಲು ಸೂತ್ರದ್ದು, ಅಂದರೆ ಪಟದ ಬೆನ್ನಿಗೆ ಎರಡು ಕಡೆ ಕಟ್ಟಿ, ಹಾರಿಸುವ ದಾರವನ್ನು ಸೇರಿಸುವ ತುಂಡು ದಾರದ್ದು. ಆದ್ದರಿಂದ ಈ ಲೇಖನದಲ್ಲಿ ಉಳಿದ ಹಂತಗಳನ್ನು ಬೇಗ ಮುಗಿಸಿ, ಸೂತ್ರದ ಬಳಿ ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಮೊದಲು ಕಾಗದ. ತೆಳುವಾದ ಬಣ್ಣದ ಕಾಗದವನ್ನು 45 ಸೆಂ.ಮೀ. ಚೌಕಕ್ಕೆ ಕತ್ತರಿಸಿಕೊಳ್ಳಿ. ಅದು ಸಿಗದಿದ್ದರೆ ನೀವು ಓದುತ್ತಿರುವ ಪತ್ರಿಕೆಯ ಜೋಡಿ ಹಾಳೆಯೂ ಆದೀತು. ತುಸು ಭಾರವಾದ್ದರಿಂದ ಗಾಳಿ ಜೋರಾಗಿರಬೇಕು, ಅಷ್ಟೆ.

ಎರಡನೆಯದು ಕಡ್ಡಿ. ಮೈಸೂರಿನವರಿಗೆ ಬಂಬೂ ಬಜಾರಿನಲ್ಲಿ ಬಿದಿರಿನ ದಬ್ಬೆ ಸುಲಭವಾಗಿ ಸಿಗುತ್ತದೆ. ಅದನ್ನು ಸೀಳಿ, 64 ಸೆಂ.ಮೀ. ಉದ್ದದ ಒಂದು ಕಡ್ಡಿಯನ್ನೂ 72 ಸೆಂ.ಮೀ. ಉದ್ದದ ಇನ್ನೊಂದು ಕಡ್ಡಿಯನ್ನೂ ಹೆರೆದುಕೊಳ್ಳಬೇಕು. ಮೊದಲನೆಯದು ಬೆನ್ನುಕಡ್ಡಿ. ಎರಡನೆಯದು ಬಿಲ್ಲಿನಂತೆ ಬಾಗಬೇಕಾದ್ದರಿಂದ ಅದನ್ನು ಇನ್ನಷ್ಟು ತೆಳ್ಳಗೆ, ಎರಡೂ ಅರ್ಧಗಳು ಒಂದೇ ತೂಕವಿರುವಂತೆ ಹೆರೆಯಬೇಕು. ನಡುಭಾಗವನ್ನು ಬೆರಳಿನ ಮೇಲಿಟ್ಟು ನೋಡಿ, ಯಾವ ತುದಿ ಕೆಳಗೆ ವಾಲುತ್ತದೆಯೋ ಆ ಕಡೆ ಚಾಕುವಿನಿಂದ ಇನ್ನೆರಡು ಎಳೆ ತೆಗೆಯಿರಿ. ಈ ಕೆಲಸದಲ್ಲಿ ಅವಸರ ಮಾಡಿದವರ ಪಟ ಮುಂದೆ ಒಂದೇ ಮಗ್ಗುಲಿಗೆ ವಾಲುತ್ತದೆ.

ಬೆನ್ನುಕಡ್ಡಿಯನ್ನು ಚೌಕದ ಒಂದು ಮೂಲೆಯಿಂದ ಎದುರು ಮೂಲೆಗೆ ಅಂಟಿಸಿ. ಬಿಲ್ಲುಕಡ್ಡಿಯ ತುದಿಗಳನ್ನು ಉಳಿದೆರಡು ಮೂಲೆಗಳಲ್ಲಿ ಕೂರಿಸಿ, ನಡುಭಾಗ ಮೇಲ್ತುದಿಯಿಂದ ಸುಮಾರು 18 ಸೆಂ.ಮೀ. ಕೆಳಗೆ ಬೆನ್ನುಕಡ್ಡಿಯನ್ನು ದಾಟುವಂತೆ ಬಾಗಿಸಿ, ದಾಟುವ ಜಾಗದಲ್ಲಿ ದಾರ ಸುತ್ತಿ ಬಿಗಿಯಿರಿ. ಅಂಟಿಗೆ ಮೈದಾ ಗಂಜಿ ಸಾಕು. ನಮ್ಮ ಮನೆಯಲ್ಲಿ ಮಧ್ಯಾಹ್ನದ ಅನ್ನದ ಅಗುಳನ್ನೇ ಬೆರಳಲ್ಲಿ ಹಿಚುಕಿ ಹಚ್ಚುತ್ತಿದ್ದೆವು. ಇರುವೆ ಮುತ್ತುವುದೊಂದನ್ನು ಬಿಟ್ಟರೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಗಾಳಿ ಬಡಿದಾಗ ಬಿಲ್ಲಿನ ಎರಡು ರೆಕ್ಕೆಗಳೂ ತುಸು ಹಿಂದಕ್ಕೆ ಬಾಗುವುದರಿಂದ ಪಟ ತಾನಾಗಿ ಸಮತೋಲಕ್ಕೆ ಬರುತ್ತದೆ. ಅಮೆರಿಕದ ವಿಲಿಯಂ ಎಡ್ಡಿ 1890ರ ದಶಕದಲ್ಲಿ ಬಾಲವಿಲ್ಲದ ಪಟವನ್ನು ಹಾರಿಸಿದ್ದು ಈ ಬಾಗಿನ ಬಲದಿಂದಲೇ. ಹೊಸಬರು ಮಾತ್ರ ಅಷ್ಟು ಧೈರ್ಯ ಮಾಡದೆ, ಹಳೆಯ ಪಂಚೆಯಿಂದ ಎರಡು ಬೆರಳಗಲದ ಪಟ್ಟಿಯನ್ನು ಪಟದ ನಾಲ್ಕೈದು ಪಟ್ಟು ಉದ್ದಕ್ಕೆ ಹರಿದು ಬಾಲಂಗೋಚಿ ಕಟ್ಟುವುದು ಲೇಸು.

ಇನ್ನು ಸೂತ್ರ. ಕಡ್ಡಿಗಳು ಹಿಂದೆ, ಕಾಗದ ನಮ್ಮ ಕಡೆ ಬರುವಂತೆ ಪಟವನ್ನು ಹಿಡಿದು, ಕಡ್ಡಿಗಳು ಕೂಡುವ ಜಾಗದಲ್ಲಿ ಬೆನ್ನುಕಡ್ಡಿಯ ಎಡಬಲಕ್ಕೆ ಒಂದೊಂದು ತೂತು ಮಾಡಿ; ಕೆಳತುದಿಯಿಂದ 16 ಸೆಂ.ಮೀ. ಮೇಲೆ ಇನ್ನೆರಡು. 80 ಸೆಂ.ಮೀ. ದಾರದ ಒಂದು ತುದಿಯನ್ನು ಮೇಲಿನ ತೂತುಗಳ ಮೂಲಕ ಕಡ್ಡಿಗೆ ಕಟ್ಟಿ, ಇನ್ನೊಂದನ್ನು ಕೆಳಗೆ ಕಟ್ಟಬೇಕು. ನಡುವೆ ಸಡಿಲವಾಗಿ ಜೋತ ದಾರಕ್ಕೆ ಒಂದು ಜಾರುಗಂಟು ಹಾಕಿ; ಗಂಟಿನಿಂದ ಮೇಲಿನ ಎಳೆ ಸುಮಾರು 32 ಸೆಂ.ಮೀ., ಕೆಳಗಿನದು 35 ಸೆಂ.ಮೀ. ಇರಲಿ. ಹಾರಿಸುವ ದಾರ ಸೇರುವುದು ಈ ಗಂಟಿಗೆ.

ಈ ಮೂರು ಸೆಂಟಿಮೀಟರ್ ವ್ಯತ್ಯಾಸವೇ ಪಟ ಗಾಳಿಗೆ ಎಷ್ಟು ಓರೆಯಾಗಿ ನಿಲ್ಲಬೇಕೆಂಬುದನ್ನು ತೀರ್ಮಾನಿಸುತ್ತದೆ. ಓರೆಯಾಗಿ ನಿಂತ ಕಾಗದ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಗಂಟು ತೀರಾ ಕೆಳಗಿದ್ದರೆ ಪಟ ಗೋಡೆಯಂತೆ ಗಾಳಿಗೆ ಎದೆಯೊಡ್ಡಿ, ದಾರವನ್ನು ಜಗ್ಗುತ್ತದೆಯೇ ಹೊರತು ಏರುವುದಿಲ್ಲ. ಹಲವು ಸಲ ಗಿರಕಿಯನ್ನೂ ಹೊಡೆಯುತ್ತದೆ. ತೀರಾ ಮೇಲಿದ್ದರೆ ಗಾಳಿಗೆ ಅಡ್ಡಡ್ಡ ಮಲಗಿ, ಪಟಪಟನೆ ಬಡಿದುಕೊಂಡು, ದಾರದಲ್ಲಿ ಬಿಗಿಯೇ ಇಲ್ಲದೆ ಇಳಿದುಬಿಡುತ್ತದೆ. ಎರಡಕ್ಕೂ ಮದ್ದು ಒಂದೇ: ಗಂಟನ್ನು ಅರ್ಧ ಸೆಂಟಿಮೀಟರಿನಷ್ಟು ಮೇಲಕ್ಕೋ ಕೆಳಕ್ಕೋ ಜಾರಿಸಿ ಮತ್ತೆ ಬಿಟ್ಟು ನೋಡುವುದು. ಗಾಳಿ ಜೋರಾದ ದಿನ ಗಂಟು ತುಸು ಮೇಲೆ, ಮಂದವಾದ ದಿನ ತುಸು ಕೆಳಗೆ. ಹುಡುಗನಾಗಿದ್ದಾಗ ನಾನು ಈ ಲೆಕ್ಕ ತಿಳಿಯದೆ ಬಾಲಂಗೋಚಿಯನ್ನೇ ಉದ್ದ ಮಾಡುತ್ತ ಹೋಗಿ, ಕೊನೆಗೆ ಮಾರುದ್ದದ ಬಾಲಗಳನ್ನು ಹೊತ್ತ ಪಟ ಕಬ್ಬಿನ ಗದ್ದೆಯೊಳಗೆ ಬಿದ್ದು, ಗರಿಗಳ ಅಲಗಿಗೆ ಚಿಂದಿಯಾಗಿತ್ತು. ಪಟ ಯಾವಾಗಲೂ ಒಂದೇ ಮಗ್ಗುಲಿಗೆ ವಾಲಿದರೆ ಮಾತ್ರ ಸೂತ್ರವನ್ನು ಮುಟ್ಟಬೇಡಿ. ಹಗುರವಾದ ರೆಕ್ಕೆಯ ತುದಿಗೆ ಉಗುರಿನಷ್ಟು ಕಾಗದ ಅಂಟಿಸಿ.

ಹಾರಿಸುವಾಗ ಗಾಳಿಗೆ ಬೆನ್ನು ಹಾಕಿ ನಿಲ್ಲಬೇಕು. ಜೊತೆಯವರು ಇಪ್ಪತ್ತು ಮೀಟರ್ ಮುಂದೆ ಪಟವನ್ನು ಎತ್ತಿ ಹಿಡಿದಿದ್ದು, ಗಾಳಿ ಬೀಸಿದೊಡನೆ ಕೈಬಿಟ್ಟರೆ ಸಾಕು, ಓಡುವ ಅಗತ್ಯವಿಲ್ಲ. ದಾರ ಬರಿ ಹತ್ತಿಯ ನೂಲಿನದಾಗಿರಲಿ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಬೈಕ್ ಸವಾರರ ಕತ್ತು ಸೀಳುವ ದಾರಕ್ಕೆ ಹಕ್ಕಿಯ ರೆಕ್ಕೆ ಯಾವ ಲೆಕ್ಕ? ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆ (ಪೆಲಿಕನ್) ಹಕ್ಕಿಗಳ ಹಾದಿಯಲ್ಲಂತೂ ಪಟವೇ ಬೇಡ. ವಿದ್ಯುತ್ ತಂತಿಯಿರುವ ಬೀದಿ, ಕಟಕಟೆಯಿಲ್ಲದ ತಾರಸಿ, ಗುಡುಗುವ ಆಕಾಶ, ಇವು ಮೂರನ್ನೂ ಬಿಡಬೇಕು. ತಂತಿಗೆ ಸಿಕ್ಕ ಪಟವನ್ನು ಕೋಲಿನಿಂದ ಬಿಡಿಸಲು ಹೋಗಕೂಡದು. ಇಳಿಸುವಾಗ ದಾರವನ್ನು ನೆಲದ ಮೇಲೆ ರಾಶಿ ಹಾಕದೆ, ಒಂದೊಂದೇ ಮಾರು ಎಳೆದು ಆಗಿಂದಾಗ ಉಂಡೆಗೆ ಸುತ್ತುತ್ತ ಬನ್ನಿ. ಮನೆಗೆ ಹೋದ ಮೇಲೆ ಸೂತ್ರದ ಗಂಟು ನಿಂತಿರುವ ಜಾಗಕ್ಕೆ ಪೆನ್ನಿನಿಂದ ಒಂದು ಗುರುತು ಹಾಕಿಡಿ; ನಾಳೆಯ ಗಾಳಿಗೆ ಅಲ್ಲಿಂದಲೇ ಶುರು ಮಾಡಬಹುದು.