ದೋಣಿಗೆ ಮೋಟಾರು: ದುಡ್ಡು ಕೊಡುವ ಮೊದಲು ತೂಕ ಹಾಕಿ

ಕೊಡಗಿನ ಕುಶಾಲನಗರ, ಸುಂಟಿಕೊಪ್ಪದ ಕಡೆ ಗಾಳ ಹಿಡಿದವರಿಗೆಲ್ಲ ಈಗ ಸ್ವಂತ ದೋಣಿಯ ಆಸೆ. ಆದರೆ ಹೆಚ್ಚಿನವರು ಮೊದಲು ಮೊಬೈಲಿನಲ್ಲಿ ನೋಡಿ ಮೋಟಾರು ತರಿಸುತ್ತಾರೆ, ಆಮೇಲೆ ಅದಕ್ಕೊಂದು ದೋಣಿ ಹುಡುಕುತ್ತಾರೆ, ಕೊನೆಗೆ ಮನೆಯ ಇನ್ವರ್ಟರ್ ಬ್ಯಾಟರಿಯನ್ನು ಜೀಪಿಗೆ ಹಾಕಿಕೊಂಡು ನೀರಿನ ದಡಕ್ಕೆ ಬರುತ್ತಾರೆ. ಈ ಕ್ರಮ ಪೂರ್ತಿ ಉಲ್ಟಾ.

ಮೊದಲು ನೀರು. ತೋಟದ ಕೆರೆಯಲ್ಲಿ ಕಾಟ್ಲಾ, ಜಿಲೇಬಿ ಮೀನು ಹಿಡಿಯಲು ಮೋಟಾರೇ ಬೇಡ, ಎರಡು ಹುಟ್ಟು ಸಾಕು. ಚಿಕ್ಲಿಹೊಳೆ ಜಲಾಶಯಕ್ಕೆ ಸಣ್ಣ ಎಲೆಕ್ಟ್ರಿಕ್ ಮೋಟಾರು ಧಾರಾಳ. ಹಾರಂಗಿ ಹಿನ್ನೀರು ಬೇರೆಯೇ ಬಾಬತ್ತು: ಬಯಲು ನೀರು, ಮಧ್ಯಾಹ್ನದ ಗಾಳಿ, ಬೇಸಿಗೆಯಲ್ಲಿ ನೀರಿಳಿದಂತೆ ತಲೆ ಎತ್ತುವ ಮರದ ಬೊಡ್ಡೆಗಳು. ಜಲಾಶಯಕ್ಕೆ ಇಳಿಯುವ ಮುಂಚೆ ಮೀನುಗಾರಿಕೆ ಇಲಾಖೆ ಮತ್ತು ನೀರಾವರಿ ನಿಗಮದ ಕಚೇರಿಗಳಲ್ಲಿ ಅನುಮತಿ ವಿಚಾರಿಸಿ. ಯಂತ್ರ ಕಟ್ಟಿದ ದೋಣಿಗೆ 2021ರ ಒಳನಾಡು ಹಡಗುಗಳ ಕಾಯ್ದೆಯೂ ಇದೆ, ನೋಂದಣಿಯ ವಿಷಯವನ್ನೂ ಅಲ್ಲೇ ಕೇಳಿಕೊಳ್ಳಿ. ಕಾವೇರಿ ಹೊಳೆಗೆ ಇಲ್ಲಿ ಬರೆದ ಲೆಕ್ಕ ನಡೆಯದು, ಹರಿಯುವ ನೀರಿನ ಮಾತೇ ಬೇರೆ.

ಎರಡನೆಯದು ದೋಣಿ. ಇಬ್ಬರಿಗಾದರೆ ಹನ್ನೆರಡು ಅಡಿ ಉದ್ದ, ನಾಲ್ಕಡಿ ಅಗಲದ ಚಪ್ಪಟೆ ತಳದ ಫೈಬರ್ ದೋಣಿ ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ. ಉದ್ದ, ಅಗಲವನ್ನು ಅಡಿಯಲ್ಲಿ ಗುಣಿಸಿ ಹದಿನೈದರಿಂದ ಭಾಗಿಸಿದರೆ ಎಷ್ಟು ಜನ ಕೂರಬಹುದೆಂಬ ಅಂದಾಜು ಸಿಗುತ್ತದೆ. ಇಲ್ಲಿ 48ನ್ನು 15ರಿಂದ ಭಾಗಿಸಿದರೆ ಮೂರು. ಮಾರುವವನು ‘ಐದು ಜನ ಆರಾಮಾಗಿ ಹೋಗ್ತಾರೆ’ ಅಂದರೆ ಕೇಳಿಸಿಕೊಂಡು ಸುಮ್ಮನಿರಿ. ಗಾಳಿ ತುಂಬುವ ರಬ್ಬರ್ ದೋಣಿ ಪಿಕಪ್ಪಿನಲ್ಲಿ ಒಯ್ಯಲು ಸುಲಭ, ನಿಜ. ಆದರೆ ಹಾರಂಗಿಯ ಬೊಡ್ಡೆಗಳ ನಡುವೆ ನಾನಂತೂ ಅದನ್ನು ಇಳಿಸುವುದಿಲ್ಲ. ಹರಿಗೋಲಿಗೆ ಮೋಟಾರು ಕಟ್ಟುವ ಸಾಹಸವೂ ಬೇಡ, ಅದು ನಿಂತಲ್ಲೇ ಗಿರಗಿರ ತಿರುಗುತ್ತದೆ.

ಕೊಳ್ಳುವಾಗ ದೋಣಿಯ ಹಿಂಬದಿ ಹಲಗೆಯನ್ನು, ಅಂದರೆ ಟ್ರಾನ್ಸಮ್ಮನ್ನು, ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಮೋಟಾರಿನ ಭಾರ, ಎಳೆತ ಎರಡೂ ಬೀಳುವುದು ಅದರ ಮೇಲೆ. ಫೈಬರಿನೊಳಗೆ ಮರದ ಹಲಗೆ ಕೂರಿಸಿರಬೇಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ವಾಪಸ್ ಬನ್ನಿ.

ಮೂರನೆಯದು ಮೋಟಾರು. ಇಲ್ಲಿ ತಕ್ಕಡಿ ಹಿಡಿಯಲೇಬೇಕು. ದೋಣಿ 90 ಕಿಲೋ, ಇಬ್ಬರು 150, ಬ್ಯಾಟರಿ 55, ಮೋಟಾರು 10, ಲಂಗರು, ಐಸ್ ಡಬ್ಬಿ, ಗಾಳದ ಸಾಮಾನು ಸೇರಿ 35. ಒಟ್ಟು 340. ಪ್ರತಿ 45 ಕಿಲೋಗೆ ಎರಡು ಪೌಂಡ್ ಥ್ರಸ್ಟ್ (ಮೋಟಾರು ದೋಣಿಯನ್ನು ನೂಕುವ ಬಲ) ಎಂಬುದು ರೂಢಿಯ ಲೆಕ್ಕ, ಹಾಗಾಗಿ ಹದಿನೈದು ಪೌಂಡ್ ಬರುತ್ತದೆ. ಅದು ನಿಂತ ನೀರಿನ ಲೆಕ್ಕ. ಎದುರು ಗಾಳಿಯಲ್ಲಿ ದಡ ಸೇರಬೇಕಲ್ಲ, ಮೂರು ಪಟ್ಟು ಇಟ್ಟುಕೊಳ್ಳಿ. ಅಂದರೆ 45 ಪೌಂಡ್. ಅದಕ್ಕಿಂತ ದೊಡ್ಡದು ತಂದರೂ ಇಂಥ ದೋಣಿ ಗಂಟೆಗೆ ಐದಾರು ಕಿಲೋಮೀಟರ್ ದಾಟಿ ಹೆಚ್ಚೇನೂ ಓಡದು, ಬ್ಯಾಟರಿ ಮಾತ್ರ ಬೇಗ ಬರಿದಾಗುತ್ತದೆ. ಐದು ಗೇರಿನ ಅಗ್ಗದ ಮೋಟಾರಿಗಿಂತ ವೇಗವನ್ನು ನಯವಾಗಿ ಏರಿಳಿಸುವ ಡಿಜಿಟಲ್ ಕಂಟ್ರೋಲಿನದಕ್ಕೆ ಹೆಚ್ಚು ದುಡ್ಡು ಕೊಡಿ. ನಿಧಾನ ಹೋಗುವಾಗ ಅದು ಉಳಿಸುವ ಕರೆಂಟು ಕಡಿಮೆಯೇನಲ್ಲ.

ಇನ್ನು ಬ್ಯಾಟರಿ. ಹತ್ತರಲ್ಲಿ ಎಂಟು ಜನ ಎಡವುವುದು ಇಲ್ಲೇ. ಮಳೆಗಾಲದ ಕರೆಂಟಿನ ದಯೆಯಿಂದ ಕೊಡಗಿನ ಮನೆಮನೆಯಲ್ಲೂ ಇನ್ವರ್ಟರ್ ಇದೆ. ‘150 ಆಂಪಿಯರ್ ಅವರ್ ಇದೆ, ಮೋಟಾರು 45 ಆಂಪಿಯರ್ ಎಳೆಯುತ್ತೆ, ಮೂರು ಗಂಟೆಗೆ ಮೋಸವಿಲ್ಲ’ ಎಂದು ಲೆಕ್ಕ ಹಾಕುತ್ತಾರೆ. ಆ 150 ಎಂಬುದು ಇಪ್ಪತ್ತು ಗಂಟೆ ಕಾಲ ಏಳೂವರೆ ಆಂಪಿಯರಿನಂತೆ ಮೆಲ್ಲಗೆ ಎಳೆದಾಗ ಸಿಗುವ ಅಂಕಿ. ಒಮ್ಮೆಗೇ 45 ಎಳೆದರೆ ಅಷ್ಟು ಸಿಗುವುದೇ ಇಲ್ಲ. ಮೇಲಾಗಿ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಅದರ ಆಯುಸ್ಸೂ ಇಳಿಯುತ್ತದೆ. ಹಾಗಾಗಿ ಫುಲ್ ಸ್ಪೀಡಿನಲ್ಲಿ ಒಂದು ಗಂಟೆಯ ಮೇಲೆ ನೆಚ್ಚಿಕೊಳ್ಳಬೇಡಿ. ಜೀಪಿನ ಬ್ಯಾಟರಿ ಇನ್ನೂ ಕಡೆ. ಅದು ಇಂಜಿನ್ ಸ್ಟಾರ್ಟ್ ಮಾಡಲು ಹುಟ್ಟಿದ್ದು, ಕೆಲವು ಸಲ ಪೂರ್ತಿ ಖಾಲಿ ಮಾಡಿದರೆ ಸತ್ತಂತೆ.

ಭಾರದ ಸಮಸ್ಯೆ ಬೇರೆ. ಮೋಟಾರು ಹಿಂದೆ, ಅದನ್ನು ಹಿಡಿದವನು ಹಿಂದೆ, ವೈರು ಗಿಡ್ಡವೆಂದು 55 ಕಿಲೋದ ಬ್ಯಾಟರಿಯೂ ಹಿಂದೆ. ಮೂತಿ ಆಕಾಶ ನೋಡುತ್ತದೆ, ಹಿಂದಿನ ಹಲಗೆಯ ಅಂಚು ನೀರಿನಿಂದ ನಾಲ್ಕು ಬೆರಳಷ್ಟೇ ಮೇಲಿರುತ್ತದೆ. ಮೋಟಾರು ಥಟ್ಟನೆ ನಿಲ್ಲಿಸಿದಾಗ ದೋಣಿಯದೇ ಅಲೆ ಹಿಂದಿನಿಂದ ಬಂದು ಒಳಗೆ ಸುರಿಯುತ್ತದೆ. ಬ್ಯಾಟರಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ದೋಣಿಯ ನಡುವಿಗಿಂತ ಮುಂದೆ ಪಟ್ಟಿ ಬಿಗಿದು ಕೂರಿಸಿ. ವೈರು ಉದ್ದವಾಗುತ್ತದೆ, ಆದ್ದರಿಂದ ದಪ್ಪವೂ ಆಗಬೇಕು. 16 ಸ್ಕ್ವೇರ್ ಎಂಎಂ ತಾಮ್ರದ್ದು ಇರಲಿ, ಬ್ಯಾಟರಿಯ ಪಕ್ಕದಲ್ಲೇ 60 ಆಂಪಿಯರಿನ ಬ್ರೇಕರ್ ಇರಲಿ. ಜಂಪರ್ ಕೇಬಲಿನ ಮೊಸಳೆ ಕ್ಲಿಪ್ ಸಿಕ್ಕಿಸಿಕೊಂಡು ಹೊರಟವರ ಕ್ಲಿಪ್ಪು ಬಿಸಿಯಾಗಿ, ಕೆಂಪು ಪ್ಲಾಸ್ಟಿಕ್ಕು ಮೇಣದಂತೆ ಟರ್ಮಿನಲ್ ಮೇಲೆ ಇಳಿದದ್ದನ್ನು ಕಂಡಿದ್ದೇನೆ. ನಟ್ಟು ಹಾಕಿ ಬಿಗಿಯಿರಿ.

ಕೈಯಲ್ಲಿ ದುಡ್ಡಿದ್ದರೆ 100 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಳ್ಳಿ. ತೂಕ ಹನ್ನೆರಡು ಕಿಲೋ ಆಸುಪಾಸು, ಹೆಚ್ಚುಕಡಿಮೆ ಪೂರ್ತಿ ಬಳಸಬಹುದು. ಒಳಗಿನ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಸರ್ಕ್ಯೂಟು, ಎಷ್ಟು ಆಂಪಿಯರ್ ತಾಳುತ್ತದೆಂದು ಕೇಳಿಯೇ ಕೊಳ್ಳಿ. ಐವತ್ತರದ್ದಾದರೆ ಗಾಳಿಗೆ ಎದುರು ಹೋಗುವಾಗಲೇ ಕೈಕೊಡಬಹುದು, ನೂರರದ್ದು ಬೇಕು.

ಪೆಟ್ರೋಲ್ ಮೋಟಾರು ಬೇಕೇಬೇಕು ಅನ್ನುವವರಿಗೆ ನಾಲ್ಕು ಸ್ಟ್ರೋಕಿನ ಎರಡೂವರೆ ಹಾರ್ಸ್‌ಪವರ್ ಸಾಕು. ತೋಟದಲ್ಲಿ ಕಳೆ ಹೊಡೆಯುವ ಯಂತ್ರದ ಇಂಜಿನನ್ನೇ ಕೋಲಿಗೆ ಸಿಕ್ಕಿಸಿ, ಮೇಲೊಂದು ಬಣ್ಣದ ಟೋಪಿ ಹಾಕಿ ಆನ್‌ಲೈನಿನಲ್ಲಿ ಮಾರುತ್ತಾರೆ. ಗಾಳಿಯಿಂದ ತಣಿಯುವ ಆ ಎರಡು ಸ್ಟ್ರೋಕಿನ ಯಂತ್ರದ ಗದ್ದಲಕ್ಕೆ ಮೀನೂ ಓಡುತ್ತದೆ, ಜೊತೆಗೆ ಬಂದವನೂ ಓಡುತ್ತಾನೆ. ದಾಂಡಿನ ಉದ್ದವನ್ನೂ ನೋಡಿ: ಹಲಗೆಯ ಎತ್ತರ 15 ಇಂಚಾದರೆ ಶಾರ್ಟ್ ಶಾಫ್ಟ್, 20 ಆದರೆ ಲಾಂಗ್. ಪಂಖದ ಮೇಲಿನ ಚಪ್ಪಟೆ ತಗಡು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಬರಬೇಕು. ಮೇಲಿದ್ದರೆ ಪಂಖ ಗಾಳಿ ಕುಡಿದು ಬೊಬ್ಬೆ ಹೊಡೆಯುತ್ತದೆ, ದೋಣಿ ಅಲ್ಲೇ ಇರುತ್ತದೆ. ನೀವು ನೀರಿಗೆ ಬಿದ್ದರೆ ಇಂಜಿನ್ ನಿಲ್ಲಿಸುವ ಸ್ಟಾಪ್ ಸ್ವಿಚ್ಚಿನ ಹಗ್ಗ ಮಣಿಕಟ್ಟಿನಲ್ಲಿರಲಿ.

ಲೈಫ್ ಜಾಕೆಟ್ ಮೈಮೇಲೆ, ಹುಟ್ಟು ದೋಣಿಯೊಳಗೆ. ಈ ಎರಡರಲ್ಲಿ ಚರ್ಚೆ ಇಲ್ಲ.

ಜೂನ್ ಹತ್ತಿರವಾದಾಗ ದೋಣಿಯನ್ನು ಶೆಡ್ಡಿನಲ್ಲಿ ಕವುಚಿ ಹಾಕಿ. ಪೆಟ್ರೋಲ್ ಮೋಟಾರಿನ ಕಾರ್ಬುರೇಟರ್ ಖಾಲಿ ಮಾಡಿ, ಈಗಿನ ಎಥನಾಲ್ ಬೆರೆಸಿದ ಪೆಟ್ರೋಲು ನಮ್ಮ ಮಳೆಗಾಲದ ತೇವವನ್ನು ಹೀರುತ್ತದೆ. ಲೆಡ್ ಆಸಿಡ್ ಬ್ಯಾಟರಿಗೆ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಕೊಡಿ, ಲಿಥಿಯಂ ಅನ್ನು ಅರ್ಧ ಚಾರ್ಜಿನಲ್ಲಿ ಬಿಚ್ಚಿಡಿ. ವೈರುಗಳನ್ನು ಮಾತ್ರ ಮನೆಯೊಳಗೆ ತಂದು ನೇತುಹಾಕಿ, ಕಾಫಿ ಗೋದಾಮಿನ ಇಲಿಗೆ ಅದರ ಪ್ಲಾಸ್ಟಿಕ್ಕೆಂದರೆ ಬಲು ಇಷ್ಟ.