ಬೂಷ್ಟು ಹಿಡಿದ ಮೈಕಲ್ ಜಾಕ್ಸನ್ ಕ್ಯಾಸೆಟ್ ಉಳಿಸಿಕೊಳ್ಳುವುದು ಹೇಗೆ

ಕುಂಬಳೆ, ಮಂಜೇಶ್ವರದ ಕಡೆ ಆಟಿ ಮಳೆ ಮುಗಿಯುವಷ್ಟರಲ್ಲಿ ಕಪಾಟಿನ ಕ್ಯಾಸೆಟ್‌ಗಳ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಾಣುತ್ತದೆ. ಅದನ್ನು ಹಾಗೆಯೇ ಪ್ಲೇಯರಿಗೆ ಹಾಕಬೇಡಿ. ಬೂಷ್ಟು ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಅಂಟಿ, ಮುಂದೆ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಹಬ್ಬುತ್ತದೆ.

1982ರ ‘ಥ್ರಿಲ್ಲರ್’ನಂಥ ಆಲ್ಬಮ್ಮಿಗೆ ಇಷ್ಟು ಕಷ್ಟ ಬೇಡ, ಮೊಬೈಲಿನಲ್ಲಿ ಇನ್ನೂ ಚೆನ್ನಾಗಿ ಸಿಗುತ್ತದೆ. ರೇಡಿಯೋದಿಂದ ಹಿಡಿದದ್ದು, ಅಂಗಡಿಯಲ್ಲಿ ಹಾಡು ಆರಿಸಿ ತುಂಬಿಸಿದ್ದು ಇದ್ದರೆ ಅದನ್ನು ಮೊದಲು ಎತ್ತಿಕೊಳ್ಳಿ.

ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಒಂದು ವಾರ ಇಡಿ. ಬಿಸಿಲಿಗಿಟ್ಟರೆ ಕ್ಯಾಸೆಟ್ಟಿನ ಪ್ಲಾಸ್ಟಿಕ್ ಚಿಪ್ಪು ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಸ್ಕ್ರೂ ಬಿಚ್ಚಿ, ಸುರುಳಿಯನ್ನು ಮೆತ್ತನೆ ಒಣಬಟ್ಟೆಯಿಂದ ಒರೆಸಿ. ಸ್ಕ್ರೂ ಇಲ್ಲದ, ಅಂಟಿಸಿದ ಚಿಪ್ಪಾದರೆ ಒಡೆದು, ಟೇಪನ್ನು ಸ್ಕ್ರೂ ಇರುವ ಖಾಲಿ ಚಿಪ್ಪಿಗೆ ದಾಟಿಸಬೇಕು. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಯಾಡ್ ಉದುರಿದ್ದರೆ ಸ್ವರ ಮಂಕಾಗಿ, ಬಂದು ಹೋಗಿ ಮಾಡುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಹೆಡ್ ಒರೆಸಿ. ನುಡಿಸುವ ಮುನ್ನ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಹಿಂದಕ್ಕೆ ಓಡಿಸಿ, ಬಿಗಿತ ಸಮನಾಗುತ್ತದೆ.

ಹಾಡನ್ನು ಫೈಲ್ ಮಾಡಿ ಉಳಿಸಿಕೊಳ್ಳಲು ಪ್ಲೇಯರಿನಿಂದ ಕಂಪ್ಯೂಟರಿನ ಲೈನ್-ಇನ್ ತೂತಿಗೇ ವೈರ್ ಕೊಡಿ. ಮೈಕಿನ ತೂತಿಗೆ ಕೊಟ್ಟರೆ ಸ್ವರ ಒಡೆಯುತ್ತದೆ, ಹೆಚ್ಚಾಗಿ ಸ್ಟೀರಿಯೋ ಕೂಡ ಹೋಗುತ್ತದೆ. ಸ್ವರ ರೆಕಾರ್ಡ್ ಮಾಡುವ ಆಡಾಸಿಟಿ ತಂತ್ರಾಂಶದಲ್ಲಿ 44,100 ಹರ್ಟ್ಸ್, 16 ಬಿಟ್ ಇಟ್ಟು, ಅತಿ ಜೋರಿನ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿ. 30 ನಿಮಿಷದ ಒಂದು ಬದಿಗೆ ವೇವ್ ಫೈಲ್ ಸುಮಾರು 317 ಎಂಬಿ ಆಗುತ್ತದೆ. ಟೇಪಿನ ‘ಸ್ಸ್’ ಎನ್ನುವ ಸದ್ದನ್ನು ಪೂರಾ ತೆಗೆಯಲು ಹೋದರೆ ಜಾಕ್ಸನ್ನನ ಉಸಿರೆಳೆತ, ಬಿಕ್ಕಿದಂಥ ಆ ಸಣ್ಣ ಸದ್ದುಗಳೂ ಅಳಿಸಿಹೋಗುತ್ತವೆ. ಹಾಗಾಗಿ ಮೂಲ ಫೈಲನ್ನು ಮುಟ್ಟದೆ, ಪ್ರತಿ ಮಾಡಿ ಅದರ ಮೇಲೆ ಕೆಲಸ ಮಾಡಿ.